ಬೆಳಕು ಬಂದರೆ ಕೂಗಬಾರದಂತೆ

ವಸತಿಗೃಹಗಳಿಗೆ ನಕ್ಷತ್ರ ಹಂಚುವ ಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮ ಓಣಿಗೆ ವಿದ್ಯುತ್ ಮರಳಿ ಬಂದಾಗ ನಾವು ಖುಷಿಯಿಂದ ಕೂಗುತ್ತೇವೆ ಎಂಬ ಕಾರಣಕ್ಕೆ, ತೆಲ್ಮಾ ಎನ್ಕಾರ್ನಾಸಿಯೋನ್ ಎಂಬ ಹೆಂಗಸು ನಡೆಸುವ ಹೋಟೆಲಿಗಿರುವ ಒಂದೇ ಒಂದು ನಕ್ಷತ್ರವನ್ನು ಕಿತ್ತುಕೊಳ್ಳಲು ತಾವು ಹೊರಟಿದ್ದೀರಿ. ಈ ವಾಕ್ಯವನ್ನು ಬರೆದು ನಾನೇ ಮತ್ತೊಮ್ಮೆ ಓದಿ ನೋಡಿದೆ. ತಲೆ ಕೆಟ್ಟವರು ಬರೆದ ಹಾಗಿದೆ. ಏನು ಮಾಡಲಿ, ಕೈ ನನ್ನದಾದರೂ ಇದರ ಕರ್ತೃ ತಾವೇ.

ನಕ್ಷತ್ರ ಹೋದರೆ ಏನಾಗುತ್ತದೆಂಬುದು ತಮಗೆ ಚೆನ್ನಾಗಿ ಗೊತ್ತು. ನಕ್ಷತ್ರವಿಲ್ಲದ ಮನೆ ಹೊರದೇಶದವರನ್ನು ಇಳಿಸಿಕೊಳ್ಳುವಂತಿಲ್ಲ. ಹೊರದೇಶದವರು ಇಳಿಯದೆ ತೆಲ್ಮಾಳ ‘ಎಲ್ ದೆಸ್ಕಾನ್ಸೊ’ ಹೋಟೆಲು ನಡೆಯುವುದಿಲ್ಲ. ಅವಳ ಅಮ್ಮ ತೆರೆದ ಬಾಗಿಲಿಗೆ ಅವಳೇ ಬೀಗ ಹಾಕಬೇಕು. ಅತ್ತಿತ್ತಲಿನ ಮನೆಗಳನ್ನೆಲ್ಲ ಕೊಂಡು, ಗೋಡೆಗೆ ಹಳೇ ಬಣ್ಣದ ಹೊಸ ಬಣ್ಣ ಬಳಿದು, ಒಳಗೆ ಈಜುಕೊಳ ತೋಡಿರುವ ಮಹನೀಯರು ಈಗಾಗಲೇ ಎರಡು ಸಲ ಬಂದು ಅವಳ ಅಂಗಳದ ಅಗಲ ನೋಡಿಕೊಂಡು ಹೋಗಿದ್ದಾರೆ. ಕಾಫಿ ಕುಡಿದು ಹೋದರು. ಅವಳು ಕೊಟ್ಟಳು. ನಮ್ಮಲ್ಲಿ ಶತ್ರುವಿಗೂ ಕಾಫಿ ಕೊಡುತ್ತೇವೆ, ಅದು ನಮ್ಮ ದೌರ್ಬಲ್ಯ.

ಸಾಂತೊ ದೊಮಿಂಗೊದ ಹಳೇ ಊರಿನಲ್ಲಿ, ಸಾಂತಾ ಬಾರ್ಬರಾ ಕಡೆಯ ಇಳಿಜಾರಿನಲ್ಲಿ, ಹಗ್ಗ ಹೊಸೆಯುವವರ ಓಣಿಯೊಂದಿದೆ. ತಮ್ಮ ಕಚೇರಿಯ ಬಣ್ಣದ ನಕ್ಷೆಯಲ್ಲಿ ಅದು ಮಡಿಕೆಯೊಳಗೆ ಹೋಗಿಬಿಟ್ಟಿದೆ. ಇಲ್ಲಿ ಹಗ್ಗ ಹೊಸೆದವರು ಸತ್ತು ಮುನ್ನೂರು ವರ್ಷವಾಗಿರಬಹುದು. ನಾವು ಸತ್ತಿಲ್ಲ. ತಮ್ಮ ಇಲಾಖೆಗೆ ನಮ್ಮ ಬಗ್ಗೆ ಇರುವ ಮುಖ್ಯ ತಕರಾರೂ ಬಹುಶಃ ಅದೇ. ಹೊಸ ಜಗತ್ತಿನ ಮೊದಲ ಕೆಥೆಡ್ರಲ್ಲು ನಮ್ಮೂರಲ್ಲಿದೆ, ಮೊದಲ ಆಸ್ಪತ್ರೆಯ ಗೋಡೆಗಳು ನಮ್ಮೂರಲ್ಲಿವೆ ಎಂದು ತಾವು ಊರೂರಿಗೆ ಸಾರುತ್ತೀರಿ. ಇನ್ನು ಮೇಲೆ ಇದನ್ನೂ ಸೇರಿಸಿಕೊಳ್ಳಿ: ಜನ ಖುಷಿಪಟ್ಟಿದ್ದಕ್ಕೆ ನೋಟಿಸು ಕೊಟ್ಟ ಮೊದಲ ಕಚೇರಿಯೂ ಇಲ್ಲೇ ಇದೆ.

ಆ ಕೂಗು ಏನೆಂಬುದನ್ನು ಈ ಊರಲ್ಲೇ ಹುಟ್ಟಿ ಬೆಳೆದ ತಮಗೆ ವಿವರಿಸಬೇಕಾಗಿ ಬಂದಿದೆಯಲ್ಲ, ನನ್ನ ಅರ್ಧ ದೂರು ಅದೇ. ವಿದ್ಯುತ್ ಹೋದಾಗ ಓಣಿಯಲ್ಲಿ ಯಾರಾದರೊಬ್ಬರು ‘ಹೋಯ್ತು’ ಅನ್ನುತ್ತಾರೆ. ಮಿಕ್ಕವರು ಅವರವರ ಶಕ್ತಿಗೆ ತಕ್ಕಂತೆ ಬೈಯುತ್ತಾರೆ. ಅದು ಮರಳಿದಾಗ, ಒಂದು ಗಂಟೆಗೆ ಬರಲಿ ಅರ್ಧ ದಿನಕ್ಕೆ ಬರಲಿ, ಎಲ್ಲ ಮನೆಗಳಿಂದ ಒಟ್ಟಿಗೇ ಒಂದು ದನಿ ಏಳುತ್ತದೆ: ‘ಬೆಳಕು ಬಂತೂ’. ಮಟಮಟ ಮಧ್ಯಾಹ್ನ ಸೂರ್ಯ ನೆತ್ತಿ ಸುಡುತ್ತಿದ್ದರೂ ನಾವು ಕೂಗುವುದು ಬೆಳಕು ಬಂತೆಂದೇ. ಮಾತು ಬಿಟ್ಟ ಓರಗಿತ್ತಿಯರು ಅದನ್ನು ಒಂದೇ ಉಸಿರಿಗೆ ಕೂಗುತ್ತಾರೆ. ಗಂಡನಿಗೆ ಉಗಿಯುತ್ತಿದ್ದ ಹೆಂಡತಿ ಮಾತಿನ ನಡುವೆ ನಿಲ್ಲಿಸಿ, ಕೂಗಿ, ನಿಲ್ಲಿಸಿದ ಪದದಿಂದಲೇ ಮತ್ತೆ ಶುರು ಮಾಡುತ್ತಾಳೆ. ಮೂಲೆಯಂಗಡಿಯ ನಿಕಾನೋರನ ತಾಯಿ ತೀರಿಕೊಂಡಾಗ ಶವದ ಪಕ್ಕ ಕೂತು ರೋದಿಸುತ್ತಿದ್ದ ಆಕೆಯ ಸ್ವಂತ ತಂಗಿ ಕಣ್ಣೊರೆಸಿಕೊಂಡು ‘ಬೆಳಕು ಬಂತೂ’ ಅಂದಳು. ಆಮೇಲೆ ಅಳು ಮುಂದುವರಿಸಿದಳು. ಯಾರೂ ತಪ್ಪು ತಿಳಿಯಲಿಲ್ಲ. ಸತ್ತವಳು ಎದ್ದು ಕೂಗಲಿಲ್ಲವಲ್ಲ ಎಂದೇ ನಮಗೆ ಬೇಸರ. ಆಗಲೇ ನಮಗೆ ಖಾತ್ರಿಯಾಗಿದ್ದು, ಆಕೆ ನಿಜಕ್ಕೂ ಹೋದಳೆಂದು.

ಹೀಗಿರುವಾಗ ತಮ್ಮ ಕಚೇರಿಗೆ ‘ದೂರು’ ಬಂದಿತಂತೆ. ದೂರು ಕೊಟ್ಟವರು ಫಿನ್‌ಲೆಂಡಿನ ಇಲ್ಮಾರಿ ಎಂಬ ನಿವೃತ್ತ ಹಡಗು ಇಂಜಿನಿಯರ್ ಅಂತೆ. ನಾನಿರುವುದೂ ಅದೇ ಹೋಟೆಲಿನಲ್ಲಿ, ಅವರು ನನ್ನ ಎದುರು ಕೋಣೆಯಲ್ಲೇ ಇದ್ದಾರೆ. ಎರಡು ವಾರಕ್ಕೆಂದು ಬಂದು ಹೋಗುವುದನ್ನು ಮುಂದೂಡುತ್ತಲೇ ಇರುವ ಮನುಷ್ಯ. ನಾನು ಹೋಗಿ ಕೇಳಿದೆ. ಪಾಪ, ಬೆಚ್ಚಿಬಿದ್ದರು. ಅವರು ಇಂಟರ್‌ನೆಟ್ಟಿನಲ್ಲಿ ಹೋಟೆಲಿನ ಬಗ್ಗೆ ನಾಲ್ಕು ಸಾಲು ಬರೆದದ್ದು ನಿಜ. ‘ಮಧ್ಯಾಹ್ನ ಮಲಗಿದ್ದೆ. ಇದ್ದಕ್ಕಿದ್ದಂತೆ ಇಡೀ ಬೀದಿ ಕಿರುಚಿತು. ಕ್ರಾಂತಿಯಾಯಿತೆಂದು ಹೆದರಿ ಮಂಚದ ಕೆಳಗೆ ತೂರಿಕೊಂಡೆ.’ ತಾವು ಇಷ್ಟು ಓದಿ ನೋಟಿಸು ಬರೆದಿರಿ. ಮುಂದಿನ ಸಾಲು ಹೀಗಿದೆ: ‘ಮಂಚದ ಕೆಳಗೆ ಬಹಳ ಸ್ವಚ್ಛವಾಗಿತ್ತು. ಹೊರಗೆ ಬಂದಾಗ ಯಜಮಾನಿ ಕಾಫಿ ಕೊಟ್ಟು, ಏನೂ ಆಗಿಲ್ಲ, ಬೆಳಕು ಬಂದಿದೆ ಎಂದರು. ಇಷ್ಟು ಒಳ್ಳೆಯ ಹೋಟೆಲಿನಲ್ಲಿ ನಾನು ಇಳಿದೇ ಇಲ್ಲ.’ ಮಂಚದ ಕೆಳಗಿನ ಸ್ವಚ್ಛತೆಗೆ ಸಾಕ್ಷಿ ನುಡಿದ ಅತಿಥಿಯನ್ನು ಯಾವ ಐದು ನಕ್ಷತ್ರದ ಹೋಟೆಲು ತೋರಿಸೀತು, ಸ್ವಾಮಿ? ಅದಕ್ಕೆ ಇನ್ನೊಂದು ನಕ್ಷತ್ರ ಕೊಡಬೇಕಾದ ಕಡೆ ಇದ್ದದ್ದನ್ನೂ ಕೀಳುವುದೇ?

ನಾನು ಬಂದರು ಕಾರ್ಮಿಕರ ಸಂಘದಲ್ಲಿ ಘೋಷಣೆ ಕೂಗಿ ಕೂಗಿ ಗಂಟಲು ಕಳೆದುಕೊಂಡವಳು. ನೋಟಿಸು ನೋಡಿದ ತಕ್ಷಣ ‘ಹರಿದು ಹಾಕು’ ಅಂದೆ. ತೆಲ್ಮಾ ಕೇಳಲಿಲ್ಲ. ಆಕೆ ಕಾನೂನಿಗೆ ಹೆದರುವ ಹೆಂಗಸು. ತಮ್ಮಂಥವರ ಬಾಳು ನಡೆಯುತ್ತಿರುವುದೇ ಅಂಥವರಿಂದ. ಸಂಜೆ ಓಣಿಯ ಎಲ್ಲರನ್ನೂ ಕರೆದಳು. ಜನ ತಮ್ಮ ತಮ್ಮ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಬಂದು ಹೋಟೆಲಿನ ಮುಂದೆ ಕೂತರು.

“ನೋಡ್ರಪ್ಪಾ, ಇನ್ಮೇಲೆ ಬೆಳಕು ಬಂದ್ರೆ ಯಾರೂ ಕೂಗಬಾರ್ದು,” ಅಂದಳು ತೆಲ್ಮಾ.

“ಅಂದ್ರೆ? ಬಂದ್ರೂ ಬಂದಿಲ್ಲ ಅನ್ಬೇಕಾ?” ಎಂದ ನಿಕಾನೋರ್, ಡಾಮಿನೊ ಬಿಲ್ಲೆ ಕೈಯಲ್ಲೇ ಹಿಡಿದುಕೊಂಡು.

“ಏನೂ ಅನ್ಬೇಡ ಮಾರಾಯ. ಸುಮ್ನಿರು.”

“ಚಪ್ಪಾಳೆ ತಟ್ಬಹುದಾ?”

“ಅದೂ ಸದ್ದೇ.”

“ಶಿಳ್ಳೆ?”

“ನಿನ್ ಹಲ್ ಸಂದಿಯ ಶಿಳ್ಳೆ ಕೇಳಿದ್ರೆ ಇರೋ ನಕ್ಷತ್ರದ ಜೊತೆ ಬಾಗ್ಲನ್ನೂ ಕಿತ್ಕೊಂಡ್ ಹೋಗ್ತಾರೆ.”

“ನಗೋದು? ನಗಬಾರ್ದು ಅಂತ ಬರೆದವ್ರಾ?”

ತೆಲ್ಮಾ ನೋಟಿಸನ್ನು ಬೆಳಕಿಗೆ ಹಿಡಿದು ನೋಡಿದಳು. ನಗುವಿನ ಬಗ್ಗೆ ತಾವು ಏನನ್ನೂ ಬರೆದಿರಲಿಲ್ಲ. ಹಾಗಾಗಿ ಮರುದಿನ ಬೆಳಕು ಬಂದಾಗ ಇಡೀ ಓಣಿ ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ನಕ್ಕಿತು. ಸ್ವಾಮಿ, ನಾನು ಪೊಲೀಸರ ಲಾಠಿಗೆ ಹೆದರಿದವಳಲ್ಲ. ಆದರೆ ನಲವತ್ತು ಮನೆಗಳಿಂದ ಏಕಕಾಲಕ್ಕೆ ಬಂದ ಆ ಮೂಗಿನ ನಗುವಿಗೆ ನನ್ನ ಕೈಯಲ್ಲಿದ್ದ ಲೋಟ ಬಿತ್ತು. ಇಲ್ಮಾರಿ ಮತ್ತೆ ಮಂಚದ ಕೆಳಗೆ ಹೋದರು. ನಗು ಕೈಬಿಟ್ಟೆವು.

ಕೊನೆಗೆ ಕರವಸ್ತ್ರ ಎಂದಾಯಿತು. ಬೆಳಕು ಬಂದರೆ ಕಿಟಕಿಗೋ ಮೇಲಂತಸ್ತಿನ ಕಟಕಟೆಗೋ ಬಂದು ಬಿಳಿ ಬಟ್ಟೆ ಬೀಸುವುದು. ಕರವಸ್ತ್ರವಿಲ್ಲದವರು ದಿಂಬಿನ ಚೀಲ ಬೀಸಿದರು. ಕಟುಕರ ಅಂಗಡಿಯವನು ತನ್ನ ಏಪ್ರನ್ ಬೀಸಿದ, ಅದರ ಮೇಲಿನ ಕಲೆ ನೋಡಿದವರಿಗೆ ಬೇರೆಯೇ ಅರ್ಥವಾಗುವಂತಿತ್ತು. ಎರಡನೆಯ ದಿನ ಒಬ್ಬ ಪ್ರವಾಸಿ ಮಾರ್ಗದರ್ಶಿ ಕೊಡೆ ಎತ್ತಿ ಹಿಡಿದುಕೊಂಡು ಹಿಂದೆ ಇಪ್ಪತ್ತು ಜನರನ್ನು ಕಟ್ಟಿಕೊಂಡು ಓಣಿಯಲ್ಲಿ ಹೋಗುತ್ತಿದ್ದ. ಅಷ್ಟರಲ್ಲಿ ಬೆಳಕು ಬಂತು. ಎಲ್ಲ ಕಿಟಕಿಗಳಲ್ಲಿ ಬಿಳಿ ಬಟ್ಟೆಗಳು ಎದ್ದವು. ಆ ಹುಡುಗ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಕೊಂಚವೂ ತೊದಲದೆ ಹೇಳಿದ, ಇದು ಸ್ಪೇನಿನ ಹಡಗುಗಳು ನದಿಗೆ ಬರುತ್ತಿದ್ದ ಕಾಲದಿಂದ ನಡೆದುಬಂದ ಸ್ವಾಗತ ಪದ್ಧತಿ ಅಂತ. ಇಪ್ಪತ್ತೂ ಜನ ಕರವಸ್ತ್ರ ತೆಗೆದು ನಮಗೆ ಮರುಬೀಸಿದರು. ಒಬ್ಬಳು ಅಜ್ಜಿ ಅತ್ತಳು. ಈಗ ಅವನು ದಿನವೂ ಬಂದು ಮೂಲೆಯಲ್ಲಿ ಕಾಯುತ್ತಾನೆ. ಬೆಳಕು ಎಷ್ಟು ಹೊತ್ತಿಗೆ ಬರುತ್ತದೆ ಅಂತ ನಮ್ಮನ್ನೇ ಕೇಳುತ್ತಾನೆ. ನಮಗೆ ಗೊತ್ತಿದ್ದರೆ ಯಾಕೆ ಕೂಗುತ್ತಿದ್ದೆವು?

ತಮ್ಮ ಆಜ್ಞೆ ಹೀಗೆ ಅಕ್ಷರಶಃ ಜಾರಿಯಾಯಿತು. ಇನ್ನು ಅದರ ಫಲ ಕೇಳಿ.

ಎಲ್ ದೆಸ್ಕಾನ್ಸೊದ ನೀರು ಅಂಗಳದ ಕೆಳಗಿನ ತೊಟ್ಟಿಯಲ್ಲಿದೆ. ಅದು ಮಾಳಿಗೆಯ ಟ್ಯಾಂಕಿಗೆ ಏರಬೇಕಾದರೆ ಪಂಪು ಹಾಕಬೇಕು. ಪಂಪನ್ನು ಹಾಕಿಯೇ ಇಟ್ಟಿರುವಂತಿಲ್ಲ. ಬೆಳಕು ಬರುವಾಗ ಕುಡಿದು ಮನೆಗೆ ಬಂದ ಗಂಡನ ಹಾಗೆ ಬರುತ್ತದೆ, ಮೊದಲ ಏಟಿಗೆ ಎದುರಿಗಿದ್ದದ್ದನ್ನು ಸುಟ್ಟುಹಾಕುತ್ತದೆ. ಅದಕ್ಕೆ ಹೋದ ಕೂಡಲೇ ಎಲ್ಲವನ್ನೂ ಆರಿಸಿ, ಬಂದ ಮೇಲೆ ಸ್ವಲ್ಪ ತಡೆದು ಹಾಕುವುದು ನಮ್ಮ ಕ್ರಮ. ತೆಲ್ಮಾ ಹಗಲೆಲ್ಲ ಹಿತ್ತಲಲ್ಲಿ ಹಾಸಿಗೆಯ ಚಾದರ ಒಗೆಯುತ್ತಿರುತ್ತಾಳೆ. ಮೊಣಕೈವರೆಗೂ ನೊರೆ. ಅವಳಿಗೆ ಬೆಳಕು ಬಂದದ್ದು ತಿಳಿಯುತ್ತಿದ್ದದ್ದು ಕಿವಿಯಿಂದ. ಓಣಿ ಕೂಗಿತೆಂದರೆ ಕೈ ಒದರಿಕೊಂಡು ಓಡುವಳು, ಪಂಪು ಹಾಕುವಳು. ಈ ಏರ್ಪಾಟಿನ ಮೇಲೆ ಹೋಟೆಲಿನ ಎಲ್ಲ ನಲ್ಲಿಗಳೂ ಅವಳ ಅಮ್ಮನ ಕಾಲದಿಂದ ಹರಿದುಕೊಂಡು ಬಂದಿದ್ದವು. ಕರವಸ್ತ್ರ ಹಿತ್ತಲಿಗೆ ಕಾಣುವುದಿಲ್ಲ, ಸ್ವಾಮಿ. ಬಿಳಿ ಬಟ್ಟೆಗೆ ಸದ್ದಿಲ್ಲ.

ತಮ್ಮ ತಪಾಸಣಾಧಿಕಾರಿ ನಮ್ಮ ಮೌನವನ್ನು ಪರೀಕ್ಷಿಸಲು ಬಂದದ್ದು ಆ ವಾರವೇ. ಇಸ್ತ್ರಿ ಮಾಡಿದ ತೋಳಿನ ಅಂಗಿ, ಸಭ್ಯ ಯುವಕ. ಬಾಗಿಲಲ್ಲಿ ನಿಂತು ಕಿವಿಗೊಟ್ಟು ಆಲಿಸಿದ. ಬೆಳಕು ಬಂತು, ಬಟ್ಟೆಗಳು ಬೀಸಿದವು, ಒಂದು ಸೊಲ್ಲಿಲ್ಲ. “ಬಹಳ ಸಂತೋಷ,” ಅಂದ. ಅಂದ ಬಾಯಿ ಮುಚ್ಚುವಷ್ಟರಲ್ಲಿ ಸ್ನಾನದ ಕೋಣೆಯಿಂದ ಇಲ್ಮಾರಿ ಒಂದು ಟವೆಲಿನಲ್ಲಿ, ತಲೆಯಿಂದ ಪಾದದವರೆಗೆ ಸೋಪಿನ ನೊರೆಯಲ್ಲಿ, ಕಣ್ಣು ಬಿಡಲಾಗದೆ, ಗೋಡೆ ತಡವಿಕೊಂಡು ಅಂಗಳಕ್ಕೆ ಬಂದರು.

“ನೀರು,” ಅಂದರು. ಕಣ್ಣು ಕಾಣದ ಮನುಷ್ಯ ನೇರ ತಮ್ಮ ಅಧಿಕಾರಿಯ ಭುಜವನ್ನೇ ಹಿಡಿದುಕೊಂಡರು. ಇಸ್ತ್ರಿ ತೋಳು ಹೋಯಿತು.

ತೆಲ್ಮಾ ಹಿತ್ತಲಿಂದ ಓಡಿ ಬಂದಳು. “ಬೆಳಕು ಬಂತಾ? ಯಾವಾಗ ಬಂತು?”

“ಆಗ್ಲೇ ಬಂತಲ್ಲಕ್ಕಾ, ಬೀಸಿದ್ವಲ್ಲ,” ಅಂದ ನಿಕಾನೋರ್ ಬಾಗಿಲಿನಿಂದ.

“ಬೀಸಿದ್ಯಾ? ನಿನ್ನ ಮೂತಿಗಿಷ್ಟು. ನನ್ ಬೆನ್ನಲ್ಲೇನು ಕಣ್ಣಿದ್ಯಾ?”

“ಕೂಗ್ಬೇಡ ಅಂದವ್ಳು ನೀನೇ.”

ಅವಳು ಪಂಪಿನ ಸ್ವಿಚ್ಚಿಗೆ ಕೈ ಇಟ್ಟಳು, ಬೆಳಕು ಹೋಯಿತು. ಓಣಿಯೆಲ್ಲ ಮನಃಪೂರ್ವಕ ಬೈಯಿತು. ತಮ್ಮ ಅಧಿಕಾರಿ ಆ ಬೈಗುಳಗಳ ನಡುವೆಯೇ ನಿಂತು ಹೊಸ ಆರೋಪ ಬರೆದುಕೊಂಡ: ಅತಿಥಿಗೆ ನೀರು ಒದಗಿಸದ ತಪ್ಪು. ಇಲ್ಲಿಗೆ ಎರಡು ನೋಟಿಸಾಯಿತು. ಕೂಗಿದರೆ ಒಂದು, ಕೂಗದಿದ್ದರೆ ಇನ್ನೊಂದು.

ತೊಟ್ಟಿಯ ಮುಚ್ಚಳ ಕಲ್ಲಿನದು, ಎತ್ತಬೇಕಾದರೆ ನಾಲ್ಕು ಗಂಡಸರು ಬೇಕು. ಅದಕ್ಕೆ ಇಲ್ಮಾರಿಯನ್ನು ಟವೆಲು ಸಮೇತ ನಿಕಾನೋರನ ಅಂಗಡಿಗೆ ನಡೆಸಿಕೊಂಡು ಹೋದೆವು. ಅವನ ಫ್ರೀಜರಿನಲ್ಲಿ ಬಿಯರ್ ಬಾಟಲಿಗಳ ಸುತ್ತ ಐಸು ಕರಗಿ ನಿಂತಿತ್ತು. ನಿಕಾನೋರ್ ಅದನ್ನೇ ಬಕೆಟ್ಟಿನಲ್ಲಿ ಎತ್ತಿ, ಅವರನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ ಸುರಿದ. ನಾವಾಗಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದೆವು. ಆ ಮನುಷ್ಯನ ಮುಖ ಅರಳಿತು. “ಇನ್ನೊಂದು ಸುರೀರಿ,” ಅಂದರು, “ನಮ್ಮೂರ ನೀರು ಹೀಗೇ ಇರೋದು.” ತಮ್ಮ ಅಧಿಕಾರಿ ಇದರ ಫೋಟೊ ತೆಗೆದ. ಅದನ್ನು ತಮಗೆ ಕಳಿಸಲು ನೋಡಿದರೆ ಫೋನಿನ ಚಾರ್ಜು ಮುಗಿದಿತ್ತು.

“ಎಲ್ಲಾದ್ರೂ ಚಾರ್ಜಿಗೆ ಹಾಕ್ಬಹುದಾ ಅಮ್ಮಾ?” ಎಂದು ತೆಲ್ಮಾಳನ್ನೇ ಕೇಳಿದ.

“ಹಾಕಪ್ಪಾ, ಅಲ್ಲೇ ಪ್ಲಗ್ ಇದೆ,” ಅಂದಳು ತೆಲ್ಮಾ. “ಬೆಳಕು ಬಂದಾಗ ಆಗುತ್ತೆ.”

ಹಾಗಾಗಿ ಆತ ಕೂತ. ಬೇರೆ ದಾರಿ ಇರಲಿಲ್ಲ. ತೆಲ್ಮಾ ಗ್ಯಾಸಿನ ಒಲೆಯ ಮೇಲೆ ಕಾಫಿ ಮಾಡಿದಳು. ತೂಗುಕುರ್ಚಿ ಎಳೆದು ಕೊಟ್ಟಳು. ಹೋಟೆಲು ಮುಚ್ಚಿಸಲು ಬಂದವನ ಒದ್ದೆ ತೋಳನ್ನು ಕಲ್ಲಿದ್ದಲಿನ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿಯೂ ಕೊಟ್ಟಳು. ಡಾಮಿನೊ ಆಟಕ್ಕೆ ನಾಲ್ಕನೆಯವರು ಇರಲಿಲ್ಲ, ಆತನನ್ನು ಕೂರಿಸಿಕೊಂಡೆವು. ಚೆನ್ನಾಗಿ ಆಡುತ್ತಾನೆ, ಸ್ವಲ್ಪ ಅವಸರ. ನದಿಯಾಚೆಯ ವಿಲ್ಯಾ ದುವಾರ್ತೆಯಲ್ಲಿ ಮನೆಯಂತೆ. ಅಲ್ಲಿ ಬೆಳಕು ನಮಗಿಂತ ಹೆಚ್ಚು ಹೊತ್ತು ಹೋಗಿರುತ್ತದಂತೆ. “ನಮ್ಮಮ್ಮ ಫ್ರಿಜ್ಜಲ್ಲಿ ಬಟ್ಟೆ ಇಡ್ತಾಳೆ, ಬೇರೇನಕ್ಕೂ ಬರಲ್ಲ ಅಂತ,” ಅಂದ. ನಾವು ನಕ್ಕೆವು, ಬಾಯಲ್ಲೇ.

ಕತ್ತಲಾಗುವ ಮುಂಚೆ, ಆಕಾಶ ಇನ್ನೂ ಕೆಂಪಗಿರುವಾಗ, ಬೆಳಕು ಬಂತು. ನಾವು ಕಾನೂನು ಪಾಲಕರು, ಕರವಸ್ತ್ರ ತೆಗೆದೆವು. ಆಗ ತಮ್ಮ ತಪಾಸಣಾಧಿಕಾರಿ, ತಮ್ಮ ಮೊಹರು ಜೇಬಿನಲ್ಲಿಟ್ಟುಕೊಂಡೇ, ಕುರ್ಚಿಯಿಂದ ಎದ್ದು, ಹೊಟ್ಟೆಯ ಆಳದಿಂದ, ಹಳೇ ಊರಿನ ಅಷ್ಟೂ ಕಲ್ಲುಗಳು ಕೇಳಿಸಿಕೊಳ್ಳುವಂತೆ ಕೂಗಿದ: ‘ಬೆಳಕು ಬಂತೂ’. ಹಿತ್ತಲಿಂದ ತೆಲ್ಮಾ ಓಡಿದ ಸದ್ದು ಕೇಳಿಸಿತು. ಪಂಪು ಗುರುಗುಟ್ಟಿತು. ಮಾಳಿಗೆಯ ಟ್ಯಾಂಕಿಗೆ ವಾರದಲ್ಲಿ ಮೊದಲ ಸಲ ನೀರು ಬಿತ್ತು.

ಆತ ಕೆಂಪಗಾದ. ನಿಕಾನೋರ್, “ಕೂತ್ಕೊಳ್ಳಿ ಸಾಹೇಬ್ರೇ, ಆಟ ನಿಮ್ದೇ,” ಅಂದ.

ಆದರೆ ಪ್ರಾಮಾಣಿಕತೆ ಅನ್ನುವುದು ಎಷ್ಟು ಅಪಾಯಕಾರಿ ನೋಡಿ. ಆತ ವರದಿಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ‘ಸಂಜೆ ಹೋಟೆಲಿನ ಆವರಣದಲ್ಲಿ ಒಂದು ಕೂಗು ಕೇಳಿಬಂತು, ಅತ್ಯಂತ ಜೋರಾಗಿ’ ಎಂದು ಬರೆದ. ಕೂಗಿದ್ದು ಯಾರೆಂದು ಬರೆಯಲು ತಮ್ಮ ವರದಿಯಲ್ಲಿ ಜಾಗವೇ ಇಲ್ಲವಂತೆ. ಆ ಕೂಗನ್ನೇ ತಾವು ತೆಲ್ಮಾಳ ತಲೆಗೆ ಕಟ್ಟಿ ಆಕೆಯನ್ನು ವಿಚಾರಣೆಗೆ ಕರೆದಿರಿ. ಸರ್ಕಾರ ತಾನೇ ಕೂಗಿ, ತಾನೇ ಕೇಳಿಸಿಕೊಂಡು, ತಾನೇ ಬೆಚ್ಚಿಬಿದ್ದು, ಚಾದರ ಒಗೆಯುವ ಹೆಂಗಸಿಗೆ ಶಿಕ್ಷೆ ಕೊಡುವುದಕ್ಕೆ ನಾವು ಯಾವ ಹೆಸರಿಡೋಣ? ನಮ್ಮ ಸಂಘದ ಕಾಲದಲ್ಲಿ ಇದಕ್ಕೊಂದು ಹೆಸರಿತ್ತು. ಈ ಪತ್ರ ಪ್ರಕಟಿಸುವ ಪತ್ರಿಕೆಯವರು ಅದನ್ನು ಅಚ್ಚು ಹಾಕುವುದಿಲ್ಲ.

ವಿಚಾರಣೆಗೆ ತೆಲ್ಮಾಳ ಜೊತೆ ನಾನೂ ಬಂದಿದ್ದೆ. ತಮಗೆ ನೆನಪಿರಬಹುದು, ಶಾಲು ಹೊದ್ದು ನಡುಗುತ್ತಿದ್ದವಳು ನಾನೇ. ಏಸಿ ಹಾಕಿದ ತಮ್ಮ ಕೋಣೆಯಲ್ಲಿ ಅಷ್ಟು ಚಳಿ. ತೆಲ್ಮಾ ಇಗರ್ಜಿಗೆ ಉಡುವ ನೀಲಿ ಉಡುಪಿನಲ್ಲಿ ಬಂದಿದ್ದಳು. ಎದ್ದು ನಿಂತು, “ಸಾಹೇಬ್ರೇ, ಓಣಿ ನಂದಲ್ಲ, ಹೋಟೆಲ್ ಮಾತ್ರ ನಂದು. ಜನ ಅವರವರ ಮನೇಲಿ ಕೂಗ್ತಾರೆ. ನಾನು ಎಷ್ಟು ಬಾಯಿಗೆ ಕೈ ಅಡ್ಡ ಇಡ್ಲಿ?” ಎಂದು ಹೇಳುತ್ತಿದ್ದಳು. ಅಷ್ಟರಲ್ಲಿ ತಮ್ಮ ತಲೆಯ ಮೇಲಿನ ದೀಪಗಳು ಕಣ್ಣು ಮಿಟುಕಿಸಿದಷ್ಟು ಹೊತ್ತು ಆರಿದವು. ಅಂಗಳದಲ್ಲೆಲ್ಲೋ ಜನರೇಟರು ಕೆಮ್ಮಿತು. ದೀಪಗಳು ಹತ್ತಿದವು. ಅಲ್ಲಿ ಕೂತಿದ್ದವರಲ್ಲಿ ಒಬ್ಬರಾದರೂ ತಲೆ ಎತ್ತಿ ನೋಡಲಿಲ್ಲ. ತೆಲ್ಮಾ ಮಾತ್ರ ಅಭ್ಯಾಸಬಲದಿಂದ, “ಹೋಯ್ತು,” ಅಂದಳು.

“ಏನು ಹೋಯ್ತು?” ಎಂದು ಕೇಳಿದಿರಿ ತಾವು.

ಸ್ವಾಮಿ, ನಾನು ಈ ಪತ್ರ ಬರೆಯಬೇಕೆಂದು ನಿಶ್ಚಯಿಸಿದ್ದು ಆ ಕ್ಷಣದಲ್ಲಿ. ಅದುವರೆಗೆ ತಾವು ಕೆಟ್ಟವರೆಂದು ತಿಳಿದಿದ್ದೆ. ಹಾಗೇನಿಲ್ಲ. ತಮಗೆ ನಿಜವಾಗಿಯೂ ಗೊತ್ತಿಲ್ಲ. ತಮ್ಮ ಕಟ್ಟಡದಲ್ಲಿ ಬೆಳಕು ಹೋಗುವುದಿಲ್ಲ, ಆದ್ದರಿಂದ ಅಲ್ಲಿ ಅದು ಯಾವತ್ತೂ ಬಂದೇ ಇಲ್ಲ. ಬರುವುದೆಂದರೇನು ಎಂಬುದನ್ನೇ ಅರಿಯದವರ ಕೈಗೆ, ಬಂದಾಗ ಹೇಗೆ ನಡೆದುಕೊಳ್ಳಬೇಕೆಂದು ಊರಿಗೆ ಕಲಿಸುವ ಅಧಿಕಾರ ಕೊಟ್ಟವರು ಯಾರು? ಜನರಿಗೆ ಕತ್ತಲೆ ಕೊಟ್ಟವರಿಗೆ ಎಷ್ಟು ನಕ್ಷತ್ರ ಕೀಳುತ್ತೀರಿ? ಅವರ ಮನೆಗೆ ಯಾವ ತಪಾಸಣಾಧಿಕಾರಿ ಹೋಗಿ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದಾನೆ? ಜೀತದವರು ಹೊತ್ತ ಕಲ್ಲುಗಳನ್ನು ಹೊಳೆಯುವಂತೆ ತಿಕ್ಕಿ, ರಾತ್ರಿ ಅವುಗಳಿಗೆ ದೀಪ ಹಾಕುತ್ತೀರಿ. ಕೋಟೆಗೋಡೆಗೆ ಯಾವತ್ತೂ ಬೆಳಕು ಹೋಗುವುದಿಲ್ಲ. ಅದರ ನೆರಳಲ್ಲಿ ಬದುಕಿರುವವರಿಗೆ ಹೋಗುತ್ತದೆ. ಗೋಡೆ ಕೂಗುವುದಿಲ್ಲ, ಅದಕ್ಕೇ ಇರಬೇಕು ತಮಗೆ ಅದರ ಮೇಲೆ ಅಷ್ಟು ಪ್ರೀತಿ.

ತೀರ್ಪು ಕೊಟ್ಟಿರಿ. ‘ಬೆಳಕು ಬಂದಾಗ ಶಾಂತವಾಗಿ ವರ್ತಿಸುತ್ತೇವೆ’ ಎಂದು ಇಡೀ ಓಣಿಯವರು ಬರೆದುಕೊಡಬೇಕು, ಮೊದಲ ಸಹಿ ತೆಲ್ಮಾಳದಾಗಬೇಕು. ಇಲ್ಲವಾದರೆ ಮುಂದಿನ ಸೋಮವಾರ ಬಂದು ನಕ್ಷತ್ರ ಕೀಳುತ್ತೀರಿ. ತೆಲ್ಮಾ ಪೆನ್ನು ತೆಗೆದುಕೊಂಡಳು. ನಾನು ತಡೆಯಲಿಲ್ಲ. ಅವಳ ಮನೆ, ಅವಳ ಅಮ್ಮನ ಬಾಗಿಲು, ನಾನ್ಯಾರು ತಡೆಯಲಿಕ್ಕೆ? ಸಹಿ ಹಾಕುವ ಮೊದಲು ತಲೆ ಎತ್ತಿ ಒಂದೇ ಒಂದು ಸಂಶಯ ಕೇಳಿದಳು.

“ಹೋದಾಗ ಬೈಬಹುದಾ, ಸಾಹೇಬ್ರೇ?”

ತಾವು ಪಕ್ಕದಲ್ಲಿದ್ದ ವಕೀಲರ ಮುಖ ನೋಡಿದಿರಿ. ವಕೀಲರು ಕಾಗದ ತಿರುವಿ ಹಾಕಿದರು. “ಅದರ ಬಗ್ಗೆ ದೂರು ಬಂದಿಲ್ಲ,” ಅಂದರು. “ಬೈಯಬಹುದು.”

ತೆಲ್ಮಾ ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ಸಿಟ್ಟಿನಿಂದಲ್ಲ. ಬಿಸಿ ಪಾತ್ರೆ ಕೆಳಗಿಡುವ ಹಾಗೆ ಇಟ್ಟಳು. “ಕೇಳ್ಕೊಂಡ್ ಬರ್ತೀನಿ,” ಅಂದು ಎದ್ದಳು. ದಾರಿಯುದ್ದಕ್ಕೂ ಎಲ್ ಕೊಂದೆ ಬೀದಿಯ ಜನಜಂಗುಳಿಯಲ್ಲಿ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದಳು. “ಎರ್ಸಿಲಿಯಾ, ಅಮ್ಮ ಇದ್ದಿದ್ರೆ ನಕ್ಷತ್ರ ಬೇಡ ಅಂತಿದ್ಲಾ, ಬೇಕು ಅಂತಿದ್ಲಾ?” ಘೋಷಣೆ ಕೂಗುವವರಿಗೆ ಇಂಥ ಪ್ರಶ್ನೆಗಳಿಗೆ ಉತ್ತರ ಬರುವುದಿಲ್ಲ.

ಓಣಿ ಮತ್ತೆ ಕುರ್ಚಿ ಹೊತ್ತುಕೊಂಡು ಸೇರಿತು. ಈ ಸಲ ತೆಲ್ಮಾ ಯಾರಿಗೂ ಏನನ್ನೂ ಹೇಳಿಕೊಡಲಿಲ್ಲ. ನಡೆದದ್ದನ್ನಷ್ಟೇ ಹೇಳಿದಳು. ಬೈಯಲು ಅಡ್ಡಿಯಿಲ್ಲ ಎಂಬ ಮಾತು ಬಂದಾಗ ಯಾರೂ ನಗಲಿಲ್ಲ, ಮೂಗಿನಲ್ಲಿ ಕೂಡ. ಕಟುಕರ ಅಂಗಡಿಯವನು, “ಸಹಿ ಹಾಕಿಬಿಡೋಣ, ಅವಳ ಮನೆ ಉಳೀಲಿ,” ಅಂದ. ಕೆಲವರು ಹೂಂ ಅಂದರು. ತಪ್ಪಿಲ್ಲ, ನಾನೂ ಅನ್ನುತ್ತಿದ್ದೆನೇನೋ. ಬೇಡ ಅಂದವಳು ತೆಲ್ಮಾ.

“ಸಹಿ ಹಾಕಿದ್ರೆ ನಕ್ಷತ್ರ ಉಳಿಯುತ್ತೆ, ನೀರು ಉಳಿಯಲ್ಲ,” ಅಂದಳು. “ನೀರಿಲ್ಲದ ಹೋಟೆಲಿಗೆ ನಕ್ಷತ್ರ ತಗಂಡು ನಾನೇನು ಚಾದರಕ್ಕೆ ಹೊಲಿದುಕೊಳ್ಲಾ? ಕೂಗ್ರಪ್ಪಾ ನೀವು.”

ಆದ್ದರಿಂದ ಮುಖ್ಯಾಧಿಕಾರಿಗಳೇ, ನಮ್ಮ ಬೇಡಿಕೆ ಕೇಳಿ. ಎರಡೂ ನೋಟಿಸುಗಳನ್ನು ವಾಪಸು ಪಡೆಯಿರಿ. ಎಲ್ ದೆಸ್ಕಾನ್ಸೊದ ಬಾಗಿಲ ಮೇಲಿರುವ ನಕ್ಷತ್ರ ತಗಡಿನದು, ಎರಡು ಮೊಳೆಯಲ್ಲಿ ನಿಂತಿದೆ, ಅದನ್ನು ಅಲ್ಲೇ ಬಿಡಿ. ನಮ್ಮ ಕೂಗಿಗೆ ತಮ್ಮ ಅಪ್ಪಣೆ ನಾವು ಕೇಳುತ್ತಿಲ್ಲ. ಅದರ ತಂಟೆಗೆ ಬರಬೇಡಿ ಎಂದಷ್ಟೇ ಹೇಳುತ್ತಿದ್ದೇವೆ.

ಸೋಮವಾರದೊಳಗೆ ಇದು ಆಗದಿದ್ದರೆ ಹಗ್ಗ ಹೊಸೆಯುವವರ ಓಣಿ ಹೀಗೆ ತೀರ್ಮಾನಿಸಿದೆ. ನಾವು ತಮ್ಮ ಆಜ್ಞೆಯನ್ನು ಪೂರ್ತಿಯಾಗಿ ಪಾಲಿಸುತ್ತೇವೆ. ಬೆಳಕು ಬಂದಾಗ ಹೋಟೆಲಿನ ಸುತ್ತಮುತ್ತ ಯಾರೂ ತುಟಿ ಬಿಚ್ಚುವುದಿಲ್ಲ. ಬಾಯಿ ಬಿಗಿಹಿಡಿದು, ಮನೆಗೊಬ್ಬರಂತೆ ಸಾಲಾಗಿ, ಎಲ್ ಕೊಂದೆ ಬೀದಿಯುದ್ದಕ್ಕೂ ನಡೆದು ತಮ್ಮ ಕಚೇರಿಗೆ ಬಂದು, ಸದ್ದಿಗೆ ನಿಷೇಧವಿಲ್ಲದ ತಮ್ಮ ಅಂಗಳದಲ್ಲಿ ನಿಂತು ಅದನ್ನು ಕೂಗಿ ಹೋಗುತ್ತೇವೆ. ದಿನಕ್ಕೆ ಎಷ್ಟು ಸಲ ಬೆಳಕು ಬರುತ್ತದೋ ಅಷ್ಟು ಸಲ. ಮುಂದೆ ತೆಲ್ಮಾ, ನೀಲಿ ಉಡುಪಿನಲ್ಲಿ. ಪಂಪು ಹಾಕಲು ಹೋಟೆಲಿನಲ್ಲಿ ಒಬ್ಬರು ಉಳಿಯಬೇಕಲ್ಲ, ಇಲ್ಮಾರಿ ಒಪ್ಪಿಕೊಂಡಿದ್ದಾರೆ, ಹಡಗಿನ ಪಂಪುಗಳನ್ನು ಪಳಗಿಸಿದ ಕೈ. ತಮ್ಮ ತಪಾಸಣಾಧಿಕಾರಿಗೂ ಹೇಳಿಕಳಿಸಿದ್ದೇವೆ. ಆತ ಬರುವುದಿಲ್ಲ ಎಂದಿಲ್ಲ.

ಏಸಿಯ ಚಳಿ ಹೊರಗೆ ಹೋಗದಂತೆ ತಮ್ಮ ಕಿಟಕಿಗಳು ಮುಚ್ಚಿರುತ್ತವೆ, ಗೊತ್ತು. ಮೊದಲ ದಿನ ಕೇಳಿಸಲಿಕ್ಕಿಲ್ಲ. ಎರಡನೆಯ ದಿನ ಏನದು ಎಂದು ಯಾರನ್ನೋ ಕೇಳುವಿರಿ. ಅವರು ಹೇಳುತ್ತಾರೆ, ಏನೂ ಇಲ್ಲ ಸಾರ್, ಜನರಿಗೆ ಬೆಳಕು ಬಂದಿದೆಯಂತೆ.

ಇಂತಿ,
ಕೂಗಿಗೆ ಉಳಿಸಿಕೊಂಡ ಗಂಟಲನ್ನು ಬರವಣಿಗೆಗೆ ಖರ್ಚು ಮಾಡಬೇಕಾಗಿ ಬಂದ,
ಎರ್ಸಿಲಿಯಾ ಬ್ರಿತೊ
ಸೋಮವಾರದವರೆಗೆ ಒಂದು ನಕ್ಷತ್ರದ ಹೋಟೆಲಿನ ನಿವಾಸಿ